ಹಗೇವಿಗಿಳಿದ ಬರೋಲೊ

"ಅಯ್ಯೋ... ರಕ್ತ!"

ಇಂದ್ರಾಣಿಯ ಕೈಲಿದ್ದ ಅಗರಬತ್ತಿಯ ಸ್ಯಾಂಪಲ್ ಚೀಲ ದೊಪ್ಪನೆ ನೆಲಕ್ಕೆ ಬಿತ್ತು.

ಟಿ. ನರಸೀಪುರದ ಹೊಳೆದಂಡೆಯ ಆ ರೆಸಾರ್ಟಿಗೆ ಅವಳು ಬಂದಿದ್ದು ಅದೇ ಮೊದಲು. ಮುಂಬಾಗಿಲಲ್ಲಿ ಯಾರೂ ಕಾಣಲಿಲ್ಲವೆಂದು ಅಡುಗೆಮನೆಯ ಹಿಂಬದಿಗೆ ಸುತ್ತಿಕೊಂಡು ಬಂದರೆ ಕಂಡಿದ್ದೇನು? ಬಿಳಿ ಶರ್ಟು, ಕಪ್ಪು ಟೈ ಕಟ್ಟಿದ ಯುವಕನೊಬ್ಬ ಮೆಟ್ಟಿಲ ಮೇಲೆ ಕೂತು ಬಕೆಟ್ಟಿಗೆ ಕೆಂಪಗೆ ಉಗುಳುತ್ತಿದ್ದಾನೆ!

ಇಂದ್ರಾಣಿ ಓಡಿದಳು. ಒಂದು ಕೈಯಲ್ಲಿ ಅವನ ಹಣೆ ಹಿಡಿದಳು, ಇನ್ನೊಂದು ಕೈಯಲ್ಲಿ ಬೆನ್ನಿಗೆ ಗುದ್ದಿದಳು.

"ತಲೆ ಬಗ್ಗಿಸಿ! ಬಗ್ಗಿಸಿ ಅಂದೆ! ಯಾರಾದ್ರೂ ಬನ್ರೀ ಇಲ್ಲಿ... ರಕ್ತ ಕಾರ್ಕೋತಾ ಇದ್ದಾರೆ!"

ಪಾಪ, ಅವನ ಬಾಯಿ ತುಂಬಿತ್ತು. ಮಾತಾಡಲಾಗದೆ ಕೈಯಾಡಿಸಿದ. ಅವಳು ಇನ್ನೂ ಜೋರಾಗಿ ಗುದ್ದಿದಳು. ಕೊನೆಗೆ ಬಾಯಲ್ಲಿದ್ದದ್ದನ್ನು ಗಟಕ್ಕನೆ ನುಂಗಿ, ಕೆಮ್ಮಿ, ಕಣ್ಣೀರು ಒರೆಸಿಕೊಂಡು ಹೇಳಿದ.

"ಮೇಡಂ... ರಕ್ತ ಅಲ್ಲ. ವೈನು!"

ಇಂದ್ರಾಣಿಯ ಕೈ ಗಾಳಿಯಲ್ಲೇ ನಿಂತಿತು. ಮುಖ ಕೆಂಪೇರಿತು.

"ವೈನಾ? ಕುಡಿಯೋದನ್ನ ಯಾರಾದ್ರೂ ಉಗೀತಾರೇನ್ರೀ?"

"ಉಗೀದೆ ನುಂಗಿದ್ರೆ ಮಧ್ಯಾಹ್ನ ಊಟ ಬಡಿಸೋರು ಯಾರು? ರುಚಿ ನೋಡೋದು ನನ್ನ ಕೆಲ್ಸ. ಮುಂದಿನ ವರ್ಷ ವೈನಿನ ಪರೀಕ್ಷೆ ಇದೆ, ಅದಕ್ಕೆ ಅಭ್ಯಾಸ ಮಾಡ್ತಾ ಇದ್ದೆ."

ಅವನ ಎದೆಯ ಮೇಲಿನ ಪಟ್ಟಿಯಲ್ಲಿ ಹೆಸರಿತ್ತು, ಪ್ರೇಮ್‌ಕುಮಾರ್. ನಾನಿಟ್ಟ ಹೆಸರಲ್ಲ ಕಣ್ರೀ, ದೇವನೂರಿನ ಅವರಪ್ಪ ಇಟ್ಟಿದ್ದು. ಪ್ರೇಮಕಥೆಗೆ ಬೇಕೆಂದೇ ಇಟ್ಟ ಹೆಸರು ಅಂದುಕೊಂಡು ನನ್ನನ್ನು ಆಡಿಕೊಳ್ಳಬೇಡಿ.

ಹೋಗಬೇಕಾಗಿತ್ತು. ಚೀಲ ಎತ್ತಿಕೊಂಡು ಸುಮ್ಮನೆ ಹೋಗಬೇಕಾಗಿತ್ತು ಇಂದ್ರಾಣಿ. ಆದರೆ ಅವಳ ಮೂಗು ಬಿಡಬೇಕಲ್ಲ! ನಂಜನಗೂಡಿನ ಅಗರಬತ್ತಿ ಕಾರ್ಖಾನೆಯಲ್ಲಿ ಆರು ವರ್ಷದಿಂದ ಅವಳ ಕೆಲಸವೇ ಮೂಸುವುದು. ಸಾಂಬ್ರಾಣಿಯಲ್ಲಿ ಕಲಬೆರಕೆ ಇದ್ದರೆ, ಲಾವಂಚ ಹಳತಾಗಿದ್ದರೆ, ಮೂಟೆಯ ಬಾಯಿ ಬಿಚ್ಚುವ ಮೊದಲೇ ಹೇಳಿಬಿಡುತ್ತಿದ್ದಳು. ಈಗ ಆ ಮೂಗು ಮೆಟ್ಟಿಲ ಮೇಲಿನ ಗ್ಲಾಸಿನ ಕಡೆಗೇ ತಿರುಗಿತ್ತು.

'ಇದೇನಿದು... ಎಲ್ಲೋ ಗೊತ್ತಿರೋ ವಾಸನೆ...'

"ಒಂದ್ಸಲ ಮೂಸ್ಲಾ? ಕುಡಿಯಲ್ಲ, ಮೂಸ್ತೀನಿ ಅಷ್ಟೆ."

ಪ್ರೇಮ್‌ಕುಮಾರ್ ಗ್ಲಾಸನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ ಕೊಟ್ಟ. ಅವಳು ಕಣ್ಣು ಮುಚ್ಚಿದಳು.

"ಗುಲಾಬಿ. ತಾಜಾ ಅಲ್ಲ, ಪೂಜೆ ಆಗಿ ಮೂರು ದಿನ ತಟ್ಟೆಯಲ್ಲೇ ಒಣಗಿರೋದು. ಆಮೇಲೆ... ನಗಬೇಡಿ ಮತ್ತೆ. ಡಾಂಬರು! ರಸ್ತೆಗೆ ಹಾಕ್ತಾರಲ್ಲ, ಬಿಸೀದು, ಅದು."

ಅವನು ನಗಲಿಲ್ಲ. ಕಿಸೆಯಿಂದ ಮಡಚಿದ ಪುಸ್ತಕ ತೆಗೆದು ಒಂದು ಪುಟ ತೋರಿಸಿದ.

"ಇದು ಬರೋಲೊ ಅಂತ. ಇಟಲಿಯ ಕೆಂಪು ವೈನು, ಬಹಳ ಗಟ್ಟಿ. ಈ ಪುಸ್ತಕದಲ್ಲಿ ಇದರ ವಾಸನೆ ಏನಂತ ಬರ್ದಿದಾರೆ ಗೊತ್ತಾ? ಡಾಂಬರು, ಗುಲಾಬಿ! ಆರು ತಿಂಗಳಿಂದ ಹುಡುಕ್ತಾ ಇದ್ದೆ ಮೇಡಂ, ನಂಗೆ ಒಂದು ದಿನಾನೂ ಸಿಕ್ಕಿರ್ಲಿಲ್ಲ!"

ಇಂದ್ರಾಣಿಗೆ ಮೈ ಜುಂ ಎಂದಿತು. ಯಾವ ದೇಶದ ಯಾರೋ ಬರೆದದ್ದು, ಕವಲಂದೆಯ ತನ್ನ ಮೂಗಿಗೆ ಹೇಗೆ ಗೊತ್ತಾಯಿತು?

ಅಲ್ಲಿಂದ ಶುರುವಾಯಿತು ನೋಡಿ. ರೆಸಾರ್ಟಿನ ಅತಿಥಿಗಳು ಬಾಟಲಿಯಲ್ಲಿ ಬಿಟ್ಟುಹೋದ ಒಂದೊಂದು ಗುಟುಕನ್ನು ಪ್ರೇಮ್‌ಕುಮಾರ್ ಎತ್ತಿಡುತ್ತಿದ್ದ. ಭಾನುವಾರ ಇಂದ್ರಾಣಿ ಬರುತ್ತಿದ್ದಳು. ಅವಳು ಮೂಸಿ ಹೇಳುವುದು, ಅವನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಪುಸ್ತಕದ ತುಂಬ ಅವನು ಜನ್ಮದಲ್ಲಿ ತಿನ್ನದ ಹಣ್ಣುಗಳೇ. ಅವಳು ಅವಕ್ಕೆಲ್ಲ ಇಲ್ಲಿನ ಹೆಸರು ಕೊಟ್ಟಳು. ಕಳಿತ ನೇರಳೆ, ಹೊಸ ಹುಣಸೆಹಣ್ಣು, ಒದ್ದೆ ಚಪ್ಪಲಿ, ಆಲೆಮನೆಯ ಕೊಪ್ಪರಿಗೆಯ ತಳ...

"ಒದ್ದೆ ಚಪ್ಪಲೀನಾ? ಅತಿಥಿಗಳಿಗೆ ಹಾಗಂತ ಹೇಳ್ಲಾ?"

"ಹೇಳಿ! ಇರೋದು ಇದ್ದಂಗೆ ಹೇಳ್ಬೇಕಪ್ಪ."

ಅವನು ನಗುವಾಗ ಎಡಗೆನ್ನೆಯಲ್ಲಿ ಒಂದು ಗುಳಿ ಬೀಳುತ್ತಿತ್ತು. ಬರಬರುತ್ತಾ ಇಂದ್ರಾಣಿ ವೈನಿಗಾಗಿ ಬರುತ್ತಿದ್ದಳೋ ಆ ಗುಳಿಗಾಗಿಯೋ, ಅವಳನ್ನೇ ಕೇಳಬೇಕು. ಕೇಳಿದರೂ ಹೇಳುತ್ತಿರಲಿಲ್ಲ ಬಿಡಿ.

ರೆಸಾರ್ಟಿನಲ್ಲಿ ತಿಂಗಳುಗಟ್ಟಲೆ ತಂಗಿದ್ದ, ಆ ಬರೋಲೊ ತಂದಿದ್ದ ಇಟಲಿಯ ಮುದುಕ ಮಾಘದಲ್ಲಿ ಊರಿಗೆ ಹೊರಟ. ದಿನಾ ಸಂಜೆ ತನ್ನ ಮಾತಿಗೆ ಕಿವಿಗೊಟ್ಟಿದ್ದ ಪ್ರೇಮ್‌ಕುಮಾರನಿಗೆ ಅದೇ ವೈನಿನ ಇನ್ನೊಂದು ತುಂಬಿದ ಬಾಟಲಿ ಕೊಟ್ಟು, ಅದರ ಮೈಗೆ ಅಂಟಿಸಿದ್ದ ಚೀಟಿಯ ಮೇಲೆ ಪೆನ್ನಿನಲ್ಲಿ ೨೦೩೨ ಎಂದು ಬರೆದ. ಅಲ್ಲಿಯವರೆಗೂ ತೆಗೆಯಬಾರದು! ತಂಪಾಗಿ, ಕತ್ತಲಲ್ಲಿ, ಅಲುಗಾಡದಂತೆ ಮಲಗಿಸಿಡಬೇಕು.

"ನನ್ನ ರೂಮಿನ ಮೇಲೆ ಸಿಮೆಂಟ್ ಶೀಟು. ಬೇಸಿಗೇಲಿ ನಾನೇ ಬೇಯ್ತೀನಿ, ಇದನ್ನೆಲ್ಲಿ ಇಡ್ಲಿ?"

ಇಂದ್ರಾಣಿ ಒಂದು ಕ್ಷಣ ಯೋಚಿಸಿದಳು. "ನಮ್ಮನೇಲಿ ಹಗೇವಿದೆ!"

ಕವಲಂದೆಯ ಅವಳ ಮನೆಯ ಅಂಗಳದಲ್ಲಿ ನೆಲದೊಳಗೆ ತೋಡಿದ, ರಾಗಿ ತುಂಬಿಡುತ್ತಿದ್ದ ಹಗೇವು ಇತ್ತು. ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಗುಡಾಣದಂತೆ ಅಗಲ, ಎರಡಾಳು ಆಳ. ಈಗ ರಾಗಿಯನ್ನು ಮೂಟೆಯಲ್ಲೇ ಇಡುವುದರಿಂದ ಅದು ಖಾಲಿಯಾಗಿ, ಬಾಯಿ ತೆರೆದೇ ಬಿದ್ದಿತ್ತು. ಇಂದ್ರಾಣಿ ಕಾರ್ಖಾನೆಯ ಥರ್ಮಾಮೀಟರಿಗೆ ದಾರ ಕಟ್ಟಿ ಇಳಿಬಿಟ್ಟು ನೋಡಿದಳು. ಬೆಳಿಗ್ಗೆಯೂ ಇಪ್ಪತ್ಮೂರು, ಉರಿಬಿಸಿಲಲ್ಲೂ ಇಪ್ಪತ್ಮೂರು!

"ಪುಸ್ತಕ ಹದಿಮೂರು ಅನ್ನತ್ತೆ. ಆದ್ರೆ ಏರಿಳಿತ ಇರಬಾರದು ಅನ್ನೋದೇ ಮುಖ್ಯ. ನನ್ನ ರೂಮಿಗಿಂತ ಇದು ಎಷ್ಟೋ ವಾಸಿ," ಎಂದು ಪ್ರೇಮ್‌ಕುಮಾರ್ ಕುಣಿದೇಬಿಟ್ಟ.

ಅಜ್ಜಿ ಪಾಪಮ್ಮ ಬಾಟಲಿಯನ್ನು ತಿರುತಿರುಗಿಸಿ ನೋಡಿದಳು. "ಏನವ್ವ ಇದು?"

"ದ್ರಾಕ್ಷಿ ಹೆಂಡ ಅಜ್ಜಿ. ಇನ್ನೂ ಏಳೆಂಟು ವರ್ಷ ಇಡ್ಬೇಕಂತೆ."

"ಏಳೆಂಟು ವರ್ಸವಾ! ನಿಮ್ ತಾತ ಈಚಲೆಂಡವ ವತ್ತು ಮುಳುಗಗಂಟ ಮಡಗ್ತಿರ್ನಿಲ್ಲ," ಎಂದು ನಕ್ಕ ಪಾಪಮ್ಮ, "ಆದ್ರೂ ಹತ್ತು ವರ್ಸದ ರಾಗಿ ಮುದ್ದೆ ಉಂಡೋಳು ನಾನು. ಅದರ ರುಚಿ ಹೊಸ ರಾಗೀಗೆ ಇಲ್ಲ ಕಣಪ್ಪ. ಮಡಗಿ, ನೋಡ್ಮ," ಎಂದಳು.

ಬಾಟಲಿಯನ್ನು ಹುಲ್ಲಿನ ಮೇಲೆ ಮಲಗಿಸಿದರು. ಚಪ್ಪಡಿ ಮುಚ್ಚಿ, ಅಂಚಿಗೆ ಮಣ್ಣು ಮೆತ್ತಿದರು. ಏಳೆಂಟು ವರ್ಷ... ಇಷ್ಟು ದೊಡ್ಡ ಲೆಕ್ಕದಲ್ಲಿ ತಾನೂ ಇದ್ದೇನೆಂದು ಇಂದ್ರಾಣಿ ಒಳಗೊಳಗೇ ಹಿಗ್ಗಿದಳು. ಅವನು ಮಾತ್ರ ಏನೂ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ಎಲ್ಲ ಕೆಟ್ಟಿದ್ದು ಶ್ರಾವಣದಲ್ಲಿ.

ಕಾರ್ಖಾನೆಯ ಗೆಳತಿ ಪವಿತ್ರ ಊಟದ ಹೊತ್ತಲ್ಲಿ ಮೊಬೈಲ್ ಮುಂದೆ ಹಿಡಿದಳು. "ಇವ್ರು ನಿನ್ನ ರೆಸಾರ್ಟ್ ಹೀರೋ ಅಲ್ವೇನೆ? ಮೂರು ಲಕ್ಷ ಜನ ನೋಡವ್ರೆ!"

ಪ್ರೇಮ್‌ಕುಮಾರ್ ಗ್ಲಾಸು ಹಿಡಿದು ಮಾತಾಡುತ್ತಿದ್ದ. ಒಣಗಿದ ಪೂಜೆಯ ಗುಲಾಬಿ, ಬಿಸಿ ಡಾಂಬರು, ಆಲೆಮನೆಯ ಕೊಪ್ಪರಿಗೆಯ ತಳ... ಒಂದೊಂದು ಮಾತೂ ಅವಳದ್ದು! ಅವಳ ಹೆಸರು ಮಾತ್ರ ಎಲ್ಲೂ ಇಲ್ಲ. ಕೆಳಗೆ ಯಾರೋ ಬರೆದಿದ್ದರು, "ಎಂಥಾ ಮೂಗಣ್ಣ ನಿಂದು!" ಅದಕ್ಕೆ ಅವನು ಕೈಮುಗಿಯುವ ಚಿತ್ರ ಹಾಕಿದ್ದ.

ಇಂದ್ರಾಣಿ ಊಟದ ಡಬ್ಬಿ ಮುಚ್ಚಿದಳು.

'ಅಂದ್ರೆ... ಇಷ್ಟು ದಿನ ನಾನು ಬರೀ ಮೂಗಾ ಇವ್ರಿಗೆ?'

ಅವಳು ಅವನ ಫೋನ್ ಎತ್ತಲಿಲ್ಲ. ಮೂರು ಭಾನುವಾರ ನರಸೀಪುರದ ಬಸ್ ಹತ್ತಲಿಲ್ಲ. ಅತ್ತಳಾ ಎಂದರೆ, ಅತ್ತಳು. ಅಜ್ಜಿಯ ಮುಂದೆ ಈರುಳ್ಳಿ ಹೆಚ್ಚುತ್ತಾ ಅತ್ತಳು.

ನಾಲ್ಕನೇ ವಾರ, ಶನಿವಾರ ಬೆಳಿಗ್ಗೆ ಹತ್ತಕ್ಕೆ ಪ್ರೇಮ್‌ಕುಮಾರ್ ಕವಲಂದೆಗೇ ಬಂದ. ಮುಖ ಇಳಿದಿತ್ತು, ಗಡ್ಡ ಬಂದಿತ್ತು.

"ಬಾಟ್ಲಿ ತಗೊಂಡು ಹೋಗೋಣ ಅಂತ ಬಂದೆ. ಮುಂಬೈಯ ದೊಡ್ಡ ಹೋಟೆಲಲ್ಲಿ ವೈನ್ ಕೆಲ್ಸ ಸಿಕ್ಕಿದೆ. ಸೋಮವಾರ ಸೇರ್ಬೇಕು."

"ಆ ವಿಡಿಯೋ ನೋಡಿ ಕರೆದ್ರಾ?"

"...ಹೂಂ."

"ಒಳ್ಳೇದಾಯ್ತಲ್ಲ. ತಗೊಂಡೋಗಿ!"

ಅವಳೇ ಗುದ್ದಲಿ ತಂದು ಮಣ್ಣು ಬಿಡಿಸಿದಳು. ಇಬ್ಬರೂ ಸೇರಿ ಚಪ್ಪಡಿ ಸರಿಸಿದರು. ಎರಡು ಗಂಟೆಯ ಬಸ್ಸಿಗೆ ಹೋಗಬೇಕೆಂದು ಪ್ರೇಮ್‌ಕುಮಾರ್ ಪ್ಯಾಂಟು ಮಡಚಿ ಇಳಿಯಲು ಹೊರಟ.

"ಏಯ್! ನಿಂತ್ಕೊಳಪ್ಪ!" ಪಾಪಮ್ಮ ಕೂಗಿಕೊಂಡು ಬಂದಳು. "ಬಾಯಿ ತಗ್ದ ಗಳಿಗೇಲೆ ಯಾರಾರೂ ಇಳಿತಾರಾ? ಕೆಟ್ ಗಾಳಿ ಕುಂತಿರ್ತದೆ. ಸಂಜೆಗಂಟ ತೆರದು ಮಡಗ್ಬೇಕು. ಆಮೇಲೆ ದೀಪ ಬಿಟ್ಟು ನೋಡ್ಬೇಕು."

"ಅಜ್ಜಿ, ನಂಗೆ ಬಸ್ಸು..."

"ಬಸ್ಸು ಓದ್ರೆ ಇನ್ನೊಂದು ಬತ್ತದೆ. ನಂಬ್ಕೆ ಇಲ್ವಾ? ನೋಡು ಮತ್ತೆ."

ಡಬ್ಬದಲ್ಲಿ ಮೇಣದಬತ್ತಿ ಹಚ್ಚಿ, ಹಗ್ಗ ಕಟ್ಟಿ, ಮೆಲ್ಲಗೆ ಇಳಿಬಿಟ್ಟಳು. ಮೂವರೂ ಬಗ್ಗಿ ನೋಡುತ್ತಿದ್ದರು. ಎದೆಮಟ್ಟ ಇಳಿಯಿತು, ಉರಿಯಿತು. ಆಳುದ್ದ ಇಳಿಯಿತು, ಉರಿ ಸಣ್ಣಗಾಯಿತು. ಇನ್ನೊಂದು ಮೊಳ... ಯಾರೂ ಊದದೆ ಆರಿಹೋಯಿತು!

ಇಂದ್ರಾಣಿಗೇ ಅರಿವಿಲ್ಲದೆ ಅವಳ ಕೈ ಪ್ರೇಮ್‌ಕುಮಾರನ ಶರ್ಟನ್ನು ಮುಷ್ಟಿಯಲ್ಲಿ ಹಿಡಿದಿತ್ತು.

'ದೇವ್ರೇ... ಅಜ್ಜಿ ಒಂದು ನಿಮಿಷ ತಡವಾಗಿ ಬಂದಿದ್ರೆ?'

ಸಿಟ್ಟು ಎಲ್ಲಿ ಹೋಯಿತೋ ಏನೋ. ಇವನು ಇಲ್ಲದೆ ನನ್ನ ಕೈಲಿ ಆಗುವುದಿಲ್ಲ ಎಂಬುದು ಆ ಕ್ಷಣ ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಗೊತ್ತಾದದ್ದಕ್ಕೇ ಮತ್ತೆ ಸಿಟ್ಟು ಬಂತು. ಸೋಮವಾರ ಹೋಗಿಬಿಡುವವನು!

ಅವಳು ಶರ್ಟು ಬಿಟ್ಟು ದೂರ ಸರಿದಳು.

ಎರಡು ಗಂಟೆಯ ಬಸ್ಸು ಹೋಯಿತು. ಪಾಪಮ್ಮ ಇಬ್ಬರಿಗೂ ಮುದ್ದೆ, ಉಪ್ಸಾರು ಬಡಿಸಿ, ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕೂತಳು. ಇಬ್ಬರೂ ಮಾತಾಡುತ್ತಿಲ್ಲವೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

"ಇವ್ಳ ತಾತ ಈ ಸೀಮೇಲಿ ನಲವತ್ತು ಹಗೇವು ತೋಡ್ದ ಕಣಪ್ಪ. ಗೌಡ್ರ ಹಗೇವು, ಪಟೇಲ್ರ ಹಗೇವು, ಸ್ಯಾನಬೋಗ್ರ ಹಗೇವು... ಎಲ್ಲಕ್ಕೂ ರಾಗಿ ತುಂಬ್ದೋರ ಎಸ್ರು. ತೋಡ್ದೋನ ಎಸ್ರು ಯಾರ ಬಾಯಲ್ಲೂ ಬರ್ನಿಲ್ಲ. ಕೊನೇಗೆ ನಮ್ಗೂ ಒಂದಿರ್ಲಿ ಅಂತ ಇದ ತೋಡ್ಕಂಡ."

ಪ್ರೇಮ್‌ಕುಮಾರ್ ತಲೆ ತಗ್ಗಿಸಿದ. ಪಾಪಮ್ಮ ಎಲೆಚೀಲ ಹಿಡಿದು ಒಳಗೆ ಹೋದ ಮೇಲೆ ಹೇಳಿದ.

"ಇಂದ್ರಾಣಿ... ನಿಮ್ಮ ಹೆಸರು ಮರೆತಿದ್ದಲ್ಲ. ಬೇಕೂಂತ್ಲೇ ಹೇಳ್ಲಿಲ್ಲ."

"ಏನು?!"

"ನಿಮ್ಗೆ ಗಂಡು ನೋಡ್ತಾ ಇದಾರೆ ಅಂತ, ಒಂದ್ಸಲ ನಿಮ್ಮ ಜೊತೆ ರೆಸಾರ್ಟಿಗೆ ಬಂದಿದ್ದಾಗ ಪವಿತ್ರ ಅಂದಿದ್ರು. ಕವಲಂದೆ ಹುಡುಗಿ ವೈನ್ ಮೂಸ್ತಾಳೆ ಅಂತ ಮೂರು ಲಕ್ಷ ಜನಕ್ಕೆ ಗೊತ್ತಾದ್ರೆ ಊರವ್ರು ಸುಮ್ನಿರ್ತಾರಾ? ಮೂಸೋದನ್ನ ಕುಡಿಯೋದು ಮಾಡ್ತಾರೆ. ನಿಮ್ಗೆ ಕೆಟ್ಟ ಹೆಸರು ಬರಬಾರದು ಅಂತ..."

"ಅದಕ್ಕೆ ಇರೋ ಹೆಸರನ್ನೇ ಅಳಿಸಿಬಿಟ್ರಾ?" ಇಂದ್ರಾಣಿ ಎದ್ದು ನಿಂತಳು. ಕಣ್ಣಲ್ಲಿ ನೀರು ತುಂಬಿತ್ತು. "ಮೂಗು ನಂದು. ಮಾತು ನಂದು. ಮರ್ಯಾದೆ ಹೋದ್ರೂ ಅದೂ ನಂದೇ. ನನ್ನ ಒಂದು ಮಾತು ಕೇಳಿದ್ರಾ? ಫೋನ್ ಇತ್ತು. ಭಾನುವಾರ ಎದುರಿಗೇ ಕೂತಿರ್ತಿದ್ದೆ. ಯಾಕೆ ಕೇಳ್ಲಿಲ್ಲ?"

ಅವನೂ ಎದ್ದು ನಿಂತ.

"ತಪ್ಪಾಯ್ತು," ಎಂದ. ಅದಕ್ಕೆ ಯಾವ ನೆಪವನ್ನೂ ಸೇರಿಸಲಿಲ್ಲ.

ಬಿಸಿಲು ಇಳಿದ ಮೇಲೆ ಪಾಪಮ್ಮ ಮತ್ತೆ ದೀಪ ಬಿಟ್ಟಳು. ಈ ಸಲ ಅದು ತಳ ಮುಟ್ಟಿದರೂ ನಿಶ್ಚಿಂತೆಯಾಗಿ ಉರಿಯಿತು. ಹಗ್ಗ ಕಟ್ಟಿಕೊಂಡು ಇಳಿದ ಪ್ರೇಮ್‌ಕುಮಾರ್ ಬಾಟಲಿಯನ್ನು ಎದೆಗವಚಿಕೊಂಡು ಮೇಲೆ ಬಂದ. ಬೆಳಕಿಗೆ ಹಿಡಿದು ನೋಡಿ ಕಕ್ಕಾಬಿಕ್ಕಿಯಾದ.

ಗೆದ್ದಲು ಚೀಟಿಯನ್ನು ಪೂರ್ತಿ ತಿಂದುಹಾಕಿತ್ತು! ಇಟಲಿಯ ಊರಿಲ್ಲ, ಹೆಸರಿಲ್ಲ, ೨೦೩೨ ಇಲ್ಲ. ಬೋಳು ಬಾಟಲಿ.

ಇಂದ್ರಾಣಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅಳು ಬಂತು. ಕಣ್ಣೊರೆಸಿಕೊಂಡು ಹೇಳಿದಳು.

"ತೆಗೀರಿ ಅದನ್ನ."

"ಈಗ್ಲಾ? ಇದಕ್ಕಿನ್ನೂ ಕಾಲ ಬಂದಿಲ್ಲ..."

"ಇಷ್ಟು ದಿನ ಮೂಸಿದ್ದೀನಿ. ಬಾಯಿಗೆ ಹೆಂಗಿರತ್ತೆ ಅಂತ ನಂಗೆ ಗೊತ್ತಾಗ್ಬೇಕು. ನೀವು ಮುಂಬೈಗೆ ಹೋಗೋ ಮೊದ್ಲು ಗೊತ್ತಾಗ್ಬೇಕು."

ಅವನು ಬಾಟಲಿ ನೋಡಿದ. ಅವಳ ಮುಖ ನೋಡಿದ. ಇಂಥ ಬಾಟಲಿ ಅವನ ಜನ್ಮದಲ್ಲಿ ಮತ್ತೆ ಸಿಗುತ್ತದೋ ಇಲ್ಲವೋ. ಕಿಸೆಯಿಂದ ತಿರುಪುಮೊಳೆಯಂಥ ಓಪನರ್ ತೆಗೆದು ಬಿರಡೆ ಕಿತ್ತ.

ಇಂದ್ರಾಣಿ ಅವನ ಮೊಬೈಲ್ ಇಸಿದುಕೊಂಡು, ಕ್ಯಾಮರಾ ತೆರೆದು ಅವನ ಕೈಗೇ ಕೊಟ್ಟಳು. "ವಿಡಿಯೋ ಹಿಡೀರಿ. ನಡುಗ್ಬೇಡಿ."

ಸ್ಟೀಲ್ ಲೋಟ ಹಿಡಿದು, ಕ್ಯಾಮರಾವನ್ನೇ ನೇರವಾಗಿ ನೋಡಿದಳು. "ನನ್ನ ಹೆಸರು ಇಂದ್ರಾಣಿ. ನಂಜನಗೂಡು ತಾಲ್ಲೂಕು ಕವಲಂದೆ. ಗುಲಾಬಿ, ಡಾಂಬರು ಅಂತ ನೀವೆಲ್ಲ ಮೆಚ್ಕೊಂಡ್ರಲ್ಲ, ಆ ಮಾತೆಲ್ಲ ನಂದು. ಇದುವರೆಗೂ ಮೂಸಿದ್ದೆ. ಇವತ್ತು ರುಚಿ ನೋಡ್ತಾ ಇದ್ದೀನಿ."

ಬಾಗಿಲಿಂದ ಪಾಪಮ್ಮ ಕೂಗಿದಳು. "ಈ ಹಗೇವು ತೋಡಿದ್ದು ಚಾಮಯ್ಯ ಅಂತಾನೂ ಯೋಳವ್ವ!"

"ಈ ಹಗೇವು ತೋಡಿದ್ದು ನಮ್ಮ ತಾತ ಚಾಮಯ್ಯ," ಎಂದು ಹೇಳಿ ಇಂದ್ರಾಣಿ ಒಂದು ಗುಟುಕು ಕುಡಿದಳು.

ನಾಲಿಗೆ, ವಸಡು, ಕೆನ್ನೆಯ ಒಳಗೆಲ್ಲ ಒಗರು ಹಿಡಿದು ಬಾಯಿ ಸೊಟ್ಟಗಾಯಿತು. ಆಮೇಲೆ, ಬಹಳ ಹೊತ್ತಾದ ಮೇಲೆ, ಆ ಒಗರಿನ ಹಿಂದಿನಿಂದ ಏನೋ ಬೆಚ್ಚಗೆ, ಸಿಹಿಯಲ್ಲದ ಸಿಹಿಯೊಂದು ಗಂಟಲಿಗಿಳಿಯಿತು. ಅಜ್ಜಿಯೂ ಬಿಡಲಿಲ್ಲ, ಲೋಟ ಕಸಿದು ಒಂದು ಹನಿ ನೆಕ್ಕಿದಳು.

"ಥೂ! ನೇರಳೆ ಬೀಜ ಅಗ್ದಂಗದೆ. ಇದಿನ್ನೂ ಕಾಯಿ ಕಣಪ್ಪ!"

"ಪುಸ್ತಕದಲ್ಲೂ ಅದನ್ನೇ ಬರ್ದಿದಾರೆ ಅಜ್ಜಿ," ಎಂದು ಪ್ರೇಮ್‌ಕುಮಾರ್ ನಕ್ಕ. ಗುಳಿ ಬಿತ್ತು. ಆ ವಿಡಿಯೋವನ್ನು ಅಲ್ಲೇ ನಿಂತು, ಅವಳ ಹೆಸರು ಬರೆದು, ಅವಳಿಗೆ ತೋರಿಸಿ ಕೇಳಿದ.

"ಹಾಕ್ಲಾ?"

"ಹಾಕಿ."

ಅಜ್ಜಿ ಲೋಟ ತೊಳೆಯುವ ನೆಪ ಮಾಡಿ ಒಳಗೆ ಹೋದಳು. ಅಂಗಳದಲ್ಲಿ ಇಬ್ಬರೇ ಉಳಿದರು.

"ನನ್ನ ಮದುವೆ ಚಿಂತೆ ನಿಮಗ್ಯಾಕೆ ಬಂತು? ಕೆಟ್ಟ ಹೆಸರು ಬಂದು ಗಂಡು ಸಿಗದಿದ್ರೆ ನಿಮ್ಗೇನು ನಷ್ಟ?" ಇಂದ್ರಾಣಿಯ ದನಿ ಈಗ ಮೆತ್ತಗಾಗಿತ್ತು.

ಪ್ರೇಮ್‌ಕುಮಾರ್ ಬಾಟಲಿಯನ್ನು ಜಗಲಿಯ ಮೇಲಿಟ್ಟ.

"ನಷ್ಟ ಅಲ್ಲ... ಆ ಗಂಡು ನಾನೇ ಆಗ್ಬೇಕು ಅಂತ ಆಸೆ. ಕೇಳೋ ಧೈರ್ಯ ಬರ್ಲಿಲ್ಲ. ಬಾಟ್ಲಿ ಒಂದು ನೆಪ ಇಂದ್ರಾಣಿ. ಬಾಟ್ಲಿಗೋಸ್ಕರ ಯಾರಾದ್ರೂ ಎರಡು ಬಸ್ ಬದಲಾಯಿಸಿ ಬರ್ತಾರಾ? ನಿಮ್ಮನ್ನ ನೋಡ್ದೆ ಹೋಗೋಕೆ ಆಗ್ಲಿಲ್ಲ. ನೀವು ಬೇಡ ಅಂದ್ರೆ ಮುಂಬೈಗೆ ಹೋಗಲ್ಲ."

ಅವಳಿಗೆ ಕೇಳಬೇಕಾಗಿದ್ದದ್ದು ಅಷ್ಟೇ.

"ಹೋಗ್ಬೇಕು. ಪರೀಕ್ಷೆ ಪಾಸ್ ಮಾಡ್ಬೇಕು. ಆದ್ರೆ ನಾನು ಬಾಗಿಲು ನೋಡ್ಕೊಂಡು ಕಾಯ್ತಾ ಕೂರೋಳಲ್ಲ. ದೀಪಾವಳಿ ರಜಕ್ಕೆ ಅಜ್ಜೀನ ಕರ್ಕೊಂಡು ನಾನೇ ಮುಂಬೈಗೆ ಬರ್ತೀನಿ. ಬರೋವಾಗ ನಿಮ್ಮಪ್ಪನ್ನೂ ಕರ್ಕೊಂಡು ಬರ್ತೀವಿ, ಮಾತಾಡೋದಿರತ್ತೆ."

"ಅಂದ್ರೆ... ಒಪ್ಪಿಗೇನಾ?"

"ಇನ್ನೂ ಬಿಡಿಸಿ ಹೇಳ್ಬೇಕಾ?" ಅವಳು ತಲೆ ತಗ್ಗಿಸಿ ನಕ್ಕಳು. "ನಂಗೂ ನೀವಿಲ್ದೆ ಆಗಲ್ಲ."

ಆರೂವರೆಯ ಬಸ್ಸಿಗೆ ಹೊತ್ತಾಗಿತ್ತು. ಬೀದಿಯ ಜಗಲಿಗಳಲ್ಲೆಲ್ಲ ಹೆಂಗಸರು ಸೊಪ್ಪು ಬಿಡಿಸುತ್ತಾ ಕೂತಿದ್ದರು. ಎಲ್ಲರ ಕಣ್ಣೂ ಇತ್ತಲೇ. ಇಂದ್ರಾಣಿ ಚಪ್ಪಲಿ ಮೆಟ್ಟಿಕೊಂಡು ಅವನ ಜೊತೆ ಅಂಗಳ ದಾಟಿದಳು. ಪ್ರೇಮ್‌ಕುಮಾರ್ ಎರಡು ಹೆಜ್ಜೆ ಇಟ್ಟು ನಿಂತ.

"ಇಂದ್ರಾಣಿ... ಕೈ ಹಿಡ್ಕೊಳ್ಳಲಾ?"

"ಇಲ್ಲೇನಾ? ಎಲ್ರೂ ನೋಡ್ತಾವ್ರೆ."

"ಅದಕ್ಕೇ ಕೇಳ್ದೆ."

ಅವಳು ಒಂದು ಸಲ ಬೀದಿಯ ಆ ತುದಿಯವರೆಗೂ ನೋಡಿದಳು. ಆಮೇಲೆ ಕೈ ಚಾಚಿದಳು.

"ಹಿಡ್ಕೊಳ್ಳಿ. ಬಸ್ ಬರೋವರ್ಗೂ ಬಿಡ್ಬೇಡಿ."